ಕಾರಣ ಕೇಳಿ ಸೀಟು ಕೊಡುತ್ತಿದ್ದವರು

ಈರಪ್ಪ ಕಾಕಾ ಟಿಕೆಟಿಗೆ ಬಂದವರನ್ನು ಯಾವ ಊರಿಗೆ ಎಂದು ಮೊದಲು ಕೇಳುತ್ತಿರಲಿಲ್ಲ. ಕನ್ನಡಕವನ್ನು ಹಣೆಯ ಮೇಲೆ ಏರಿಸಿ, ಪೆನ್ನಿನ ಮುಚ್ಚಳ ತೆಗೆದು, "ಯಾಕ ಹೊಂಟೀರಿ?" ಎನ್ನುತ್ತಿದ್ದರು. ರಾಣೆಬೆನ್ನೂರಿನ ಬಸ್ ನಿಲ್ದಾಣದ ಎದುರು, ಝೆರಾಕ್ಸ್ ಅಂಗಡಿಗೂ ಚಹಾದಂಗಡಿಗೂ ನಡುವೆ, ಒಂದು ಮೇಜು ಎರಡು ಕುರ್ಚಿ ಹಿಡಿಸುವಷ್ಟು ಅವರ ಟ್ರಾವೆಲ್ಸ್. ಕಾರಣ ಹೇಳದವರಿಗೂ ಟಿಕೆಟು ಸಿಗುತ್ತಿತ್ತು; ಆದರೆ ಹೇಳುವವರೆಗೆ ಚಹಾ ಕುಡಿಸುತ್ತ ಕೂರಿಸಿಕೊಳ್ಳುತ್ತಿದ್ದರು.

ಕಾರಣ ನೋಡಿಯೇ ಅವರು ಸೀಟು ಕೊಡುತ್ತಿದ್ದುದು. ಪರೀಕ್ಷೆಗೆ ಹೊರಟವರಿಗೆ ಟಿವಿಯಿಂದ ದೂರ. ಮದುವೆಗೆ ಹೊರಟವರಿಗೆ ಹಿಂದೆ; "ಅವರಿಗೆ ಹೆಂಗೂ ನಿದ್ದಿ ಬೇಕಾಗಿಲ್ಲ". ಬಸುರಿಯರಿಗೆ, ಆಪರೇಷನ್ ಆದವರಿಗೆ ಗಾಲಿಯ ಮೇಲಿನ ಸೀಟು ಎಂದೂ ಇಲ್ಲ. ಬಸ್ಸು ಬಂದಾಗ ತಾವೇ ಎದ್ದು ಹೋಗಿ ಡ್ರೈವರನ ಕಿವಿಯಲ್ಲಿ ಒಂದು ಮಾತು ಹಾಕಿ ಬರುತ್ತಿದ್ದರು.

ಒಮ್ಮೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಪುಣೆಗೆ ಮುಂದಿನ ಸೀಟೇ ಬೇಕೆಂದು ಹಟ ಹಿಡಿದರು. ಅವರ ಕಾಲ ಬಳಿ ಮಾದರಿ ಕಾಯಿಯ ಚೀಲವಿತ್ತು.

"ಸಾವ್ಕಾರ್ರ, ನಿಮಗ ಹಿಂದಿನ ಕಿಟಕಿ."

"ಯಾಕ್ರೀ, ನನ್ನ ರೊಕ್ಕ ರೊಕ್ಕ ಅಲ್ಲೇನು?"

"ರೊಕ್ಕ ಐತ್ರಿ, ಚೀಲಾನೂ ಐತಿ. ಡ್ರೈವರ್ ಸೀನಿದ್ರ ಪುಣೆಗಲ್ಲ, ನೇರ ಗಟಾರಕ್ಕ ಹೋಗ್ತೀರಿ."

ವ್ಯಾಪಾರಿ ನಗುತ್ತಲೇ ಹಿಂದಿನ ಸೀಟು ಬರೆಸಿದರು.

ಅವ್ವನ ಚಿಕಿತ್ಸೆಗೆ ನಾವು ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗುತ್ತಿದ್ದೆವು. ಹೋದ ತಾರೀಖು, ಬಂದ ತಾರೀಖು, ಆದ ಖರ್ಚು ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವ ಚಟ ನನ್ನದು. ಫೋನಿನಲ್ಲಿ ಬುಕ್ ಮಾಡಿದರೆ ಒಂದಿಷ್ಟು ಉಳಿಯುತ್ತದೆ ಎಂದು ತೋರಿಸಿದೆ. ಅವ್ವ ಅದನ್ನು ನೋಡಲೂ ಇಲ್ಲ. "ನಿನ್ನ ಫೋನಿಗೆ ನನ್ನ ಸೊಂಟ ಗೊತ್ತೈತೇನ?" ಎಂದಳು. ಕಾಕಾ ನಮ್ಮನ್ನು ಕಂಡೊಡನೆ, "ಅಕ್ಕಾರಿಗೆ ಬಾಗಿಲ ಹತ್ರ, ಮಗಳಿಗೆ ಅಕ್ಕಾರ ಹತ್ರ" ಎಂದು ಬರೆದುಬಿಡುತ್ತಿದ್ದರು.

ಆಮೇಲೆ ಎಲ್ಲರೂ ಫೋನಿನಲ್ಲೇ ಬುಕ್ ಮಾಡತೊಡಗಿದರು. ಬಸ್ಸುಗಳು ಊರೊಳಗೆ ಬರುವುದನ್ನು ಬಿಟ್ಟು ಬೈಪಾಸಿನಲ್ಲೇ ನಿಂತು ಹೋಗತೊಡಗಿದವು. ಕಾಕಾನೂ ಕಂಪ್ಯೂಟರ್ ಇಟ್ಟುಕೊಳ್ಳಬೇಕಾಯಿತು. ಒಂದು ದಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಯವ್ವಾ, ಇದ್ರಾಗ ಕಾರಣ ಬರಿಯೋ ಜಾಗ ಎಲ್ಲೈತಿ?"

"ಇಲ್ಲ ಕಾಕಾ. ಹೆಸರು, ವಯಸ್ಸು, ಗಂಡೋ ಹೆಣ್ಣೋ, ಅಷ್ಟ."

"ಮತ್ತ ಡ್ರೈವರ್‌ಗ ತಿಳಿಯೂದು ಹೆಂಗ?"

ಅದಕ್ಕೆ ಅವರೇ ಒಂದು ದಾರಿ ಹುಡುಕಿಕೊಂಡರು. ಹೆಸರಿನ ಜಾಗದಲ್ಲಿ, ಹೆಸರಿನ ಬೆನ್ನಿಗೇ ಕಾರಣ ಬರೆಯತೊಡಗಿದರು: ಬಾಣಂತಿ, ಕಣ್ಣಿನ ಆಪರೇಷನ್. ಕೆಲವು ತಿಂಗಳು ಅದು ನಡೆಯಿತು.

ಮೇಡ್ಲೇರಿಯ ಗಂಡ ಹೆಂಡತಿ ಬೆಂಗಳೂರಿಗೆ ಹೊರಟಿದ್ದರು. ಅವರಿಗೆ ಮಕ್ಕಳಿರಲಿಲ್ಲ, ಡಾಕ್ಟರಿಗೆ ತೋರಿಸಬೇಕಿತ್ತು. ಹೆಂಡತಿಯ ಹೆಸರಿನ ಮುಂದೆ ಕಾಕಾ ಅದನ್ನೂ ಬರೆದರು. ಬೈಪಾಸಿನಲ್ಲಿ ಬಸ್ಸಿನ ಕ್ಲೀನರ್ ಪಟ್ಟಿ ಹಿಡಿದು ಒಂದೊಂದೇ ಹೆಸರು ಕೂಗುತ್ತ, ಅದನ್ನೂ ಇದ್ದ ಹಾಗೆಯೇ ಕೂಗಿದ. ಒಬ್ಬಿಬ್ಬರು ನಕ್ಕರಂತೆ. ಆಕೆಯ ಅತ್ತೆಯ ತಂಗಿ ಅದೇ ಬಸ್ಸಿನಲ್ಲಿದ್ದರು.

ವಾರದ ನಂತರ ಆ ಗಂಡ ಅಂಗಡಿಗೆ ಬಂದಾಗ ನಾನು ಅಲ್ಲೇ ಕುಳಿತಿದ್ದೆ. ಅವನು ದನಿ ಎತ್ತಲಿಲ್ಲ.

"ಮನ್ಯಾಗ ಮದುವಿಗೆ ಹೊಂಟೇವಿ ಅಂತ ಹೇಳಿದ್ವಿ. ಖರೇ ಹೇಳಿದ್ದು ನಿಮಗೊಬ್ಬರಿಗೇರಿ. ಈಗ ಊರಿಗೆ ಊರ ಕೇಳಾಕತ್ತೈತಿ. ಆಕಿ ಬಾಗಿಲದಾಗೂ ನಿಂದ್ರವಲ್ಲಳು."

ಕಾಕಾ ಎದ್ದು ನಿಂತು ಕೈ ಮುಗಿದರು. ಅಷ್ಟರಲ್ಲಿ ಅವನು ರಸ್ತೆ ದಾಟಿದ್ದ. ಮತ್ತೆ ಕುಳಿತು, "ಕಿವ್ಯಾಗ ಹೇಳೂ ಮಾತ ಬರದು ಕಳಿಸಿದ್ನಲ್ಲವ್ವಾ" ಎಂದರು.

ಮತ್ತೆ ಅವರು ಯಾರನ್ನೂ ಕಾರಣ ಕೇಳಲಿಲ್ಲ. "ಎಲ್ಲಿಗೆ?" ಎಂದಷ್ಟೇ ಕೇಳುತ್ತಿದ್ದರು. ಅಷ್ಟನ್ನು ಫೋನೂ ಕೇಳುತ್ತಿತ್ತು. ಉಳಿದಿದ್ದ ಜನವೂ ಬರುವುದನ್ನು ಬಿಟ್ಟರು. ಮಧ್ಯಾಹ್ನದ ಹೊತ್ತು ಹೋದರೆ ಕಾಕಾ ಪರದೆ ಆರಿಸಿ ರಸ್ತೆ ನೋಡುತ್ತ ಕುಳಿತಿರುತ್ತಿದ್ದರು.

ಅವರನ್ನು ಕೊನೆಯ ಸಲ ನೋಡಿದ್ದು ಮಂಗಳೂರಿನ ಟಿಕೆಟಿಗೆ ಹೋದಾಗ. ಹಿಂದಿನ ತಿಂಗಳು ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಚಿಕಿತ್ಸೆಯಿಂದ ಉಪಯೋಗವಿಲ್ಲ, ನಿಮ್ಮ ತಾಯಿಯನ್ನು ಇಷ್ಟು ದೂರ ತರಬೇಡಿ, ನೋವಿನ ಮಾತ್ರೆ ಒಯ್ಯಲು ನೀವೊಬ್ಬರೇ ಬಂದರೆ ಸಾಕು ಎಂದಿದ್ದರು. ಅದನ್ನು ನಾನು ಅವ್ವನಿಗಾಗಲಿ, ಮನೆಯಲ್ಲಿ ಬೇರೆ ಯಾರಿಗಾಗಲಿ ಹೇಳಿರಲಿಲ್ಲ.

"ಒಂದ ಟಿಕೆಟ್ ಕಾಕಾ."

ಅವರ ಬೆರಳು ನಿಂತಿತು. ಅವ್ವ ಕೂರುತ್ತಿದ್ದ ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು. ಕನ್ನಡಕ ಹಣೆಯ ಮೇಲೆ ಏರಿತು. ಕೇಳಲಿ ಎಂದು ನಾನು ಕಾದೆ. ಕೇಳಿದ್ದರೆ ಅಲ್ಲೇ ಕುಳಿತು ಎಲ್ಲವನ್ನೂ ಹೇಳಿಬಿಡುತ್ತಿದ್ದೆ.

ಕಾಕಾ ಕನ್ನಡಕವನ್ನು ಮತ್ತೆ ಇಳಿಸಿಕೊಂಡರು. "ಕಿಟಕಿ ಕಡೆ ಕೊಡ್ಲೇನು?" ಎಂದರು.

"ಹೂಂ ಕಾಕಾ."

ಮುಂದಿನ ತಿಂಗಳು ಹೋದಾಗ ಅಲ್ಲಿ ಝೆರಾಕ್ಸ್ ಅಂಗಡಿಯ ಎರಡನೆಯ ಯಂತ್ರ ಕುಳಿತಿತ್ತು. ಕಾಕಾ ಗಳಗನಾಥದ ಕಡೆ ತಂಗಿಯ ಊರಿಗೆ ಹೋದರು ಎಂದು ಚಹಾದವನು ಹೇಳಿದ. ಅಲ್ಲೇ ನಿಂತು ಫೋನಿನಲ್ಲಿ ಬುಕ್ ಮಾಡಿದೆ. ಉಳಿದಿದ್ದ ಒಂದೇ ಸೀಟು ಗಾಲಿಯ ಮೇಲಿನದು. ಮನೆಗೆ ಬಂದು ಡೈರಿಯಲ್ಲಿ ತಾರೀಖು ಬರೆದೆ, ಸೀಟಿನ ನಂಬರು ಬರೆದೆ. ಯಾಕೆ ಎಂದು ಬರೆಯಲಿಲ್ಲ.