ಮಿಲ್ಲಿನ ಬೆಲ್ಟಿನ ಕರೆಂಟು

ನಮ್ಮೂರ ಹಿಟ್ಟಿನ ಮಿಲ್ಲಿನವನಷ್ಟು ದಡ್ಡನನ್ನು ನಾನು ಕಂಡಿಲ್ಲ. ಅವನ ಮಾತು ನಂಬಿದವರನ್ನೂ ಸೇರಿಸಿಕೊಂಡರೆ ಮಾತ್ರ ಅವನಿಗೆ ಎರಡನೇ ಸ್ಥಾನ ಕೊಡಬಹುದು. ಕೊಪ್ಪದ ದಾರಿಯಲ್ಲಿರುವ ಆ ಮಿಲ್ಲಿನಲ್ಲಿ ಮೋಟಾರಿನ ಚಕ್ರದಿಂದ ಬೀಸುವ ಕಲ್ಲಿನವರೆಗೆ ಅಂಗೈ ಅಗಲದ ರಬ್ಬರ್ ಬೆಲ್ಟು ಓಡುತ್ತದೆ. ಸಂಕ್ರಾಂತಿ ಕಳೆದು ಗಾಳಿ ಒಣಗಿದ ಮೇಲೆ ಅದರ ಹತ್ತಿರ ಕೈ ಒಡ್ಡಿದರೆ ರೋಮ ನೆಟ್ಟಗಾಗುತ್ತದೆ, ಬೆರಳು ಒಯ್ದರೆ ಚಟ್ ಎಂದು ಕಿಡಿ ಹಾರುತ್ತದೆ. ಇದನ್ನು ಕಂಡ ಆ ಪುಣ್ಯಾತ್ಮ ಮಂಡಿನೋವು, ಕೀಲುನೋವಿಗೆಲ್ಲ ಇದೇ ಮದ್ದು ಎಂದು ಸಾರಿದ. ಚಿಕ್ಕರಸಿನಕೆರೆಯಿಂದಲೂ ಹೆಂಗಸರು ಬರತೊಡಗಿದರು. ಬಸ್ಸು ಪುಕ್ಕಟೆ, ಕರೆಂಟೂ ಪುಕ್ಕಟೆ. ಜೊತೆಗಿಷ್ಟು ರಾಗಿ ಬೀಸಿಸಿಕೊಂಡು ಹೋದರೆ ಅವನಿಗೂ ಸಂತೋಷ.

ಆ ಸಾಲಿನಲ್ಲಿ ನನ್ನ ಸೋದರತ್ತೆಯೂ ನಿಂತಿದ್ದಳು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದು ನನ್ನನ್ನು ಎತ್ತಿ ಆಡಿಸಿದವಳು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತ, ಯಾರ ಹಂಗೂ ಇಲ್ಲದೆ ಬದುಕುತ್ತಿದ್ದಳು. ಆಗ ಬಲ ಭುಜ ಹಿಡಿದುಕೊಂಡು ತಲೆ ಬಾಚುವುದಕ್ಕೂ ಕೈ ಏಳುತ್ತಿರಲಿಲ್ಲ. ಆ ಕೈ ಹೋದರೆ ಹಸುವೂ ಹೋದಂತೆ, ಅವಳ ಸ್ವಂತದ್ದು ಎಂಬುದೂ ಹೋದಂತೆ. ಅದಕ್ಕೇ ಅವಳನ್ನು ಮಂಡ್ಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ.

"ದಿನಾ ಗೋಡೆ ಮ್ಯಾಲೆ ಬೆರಳು ಅತ್ತಿಸಿ ಇಳ್ಸು, ಭುಜ ಸಡ್ಲಾಯ್ತದೆ ಅಂದ ಆ ಡಾಕ್ಟ್ರು. ಅದ ಏಳಕ್ಕೆ ಅವನೇ ಬೇಕಿತ್ತಾ? ಈ ಮಿಲ್ನಾಗಾದ್ರೆ ಜುಮ್ಮಂತ ನೋವು ಎಳೀತದೆ ಕಣ್ಲಾ," ಎಂದಳು.

ನಾನು ಮದ್ದೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುವವನು. ಸುಮ್ಮನಿರಲಾಗದೆ ಮಿಲ್ಲಿಗೇ ಹೋಗಿ ಎಲ್ಲರೆದುರು ಬಿಡಿಸಿ ಹೇಳಿದೆ. ರಬ್ಬರೂ ಕಬ್ಬಿಣದ ಚಕ್ರವೂ ಮತ್ತೆ ಮತ್ತೆ ಅಂಟಿ ಬಿಡುವಾಗ ಒಂದರ ವಿದ್ಯುತ್ ಕಣಗಳು ಇನ್ನೊಂದಕ್ಕೆ ದಾಟುತ್ತವೆ. ರಬ್ಬರಿನಲ್ಲಿ ಅವು ಹರಿದು ಹೋಗಲು ದಾರಿಯಿಲ್ಲ, ಅಲ್ಲೇ ಕೂಡಿಕೊಳ್ಳುತ್ತವೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರು ಎಳೆಯುವುದೂ ಇದರಿಂದಲೇ. ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಪುಡಿ ಕಾಗದಕ್ಕೆ ಕೂರುವುದು, ಕಾರ್ಖಾನೆಯ ಚಿಮಣಿಯಲ್ಲಿ ಬೂದಿ ಹಿಡಿಯುವುದು ಇದರ ಕೆಲಸ, ಭುಜ ನೆಟ್ಟಗೆ ಮಾಡುವುದಲ್ಲ. ಹಿಟ್ಟಿನ ಧೂಳು ದಟ್ಟವಾಗಿ ತುಂಬಿದ ಕೋಣೆಯಲ್ಲಿ ಇಂಥದೊಂದು ಕಿಡಿ ಬಿದ್ದರೆ ಧೂಳೇ ಹೊತ್ತಿಕೊಂಡು ಸಿಡಿಯಬಹುದು ಎಂದೂ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಮಿಲ್ಲಿನವನು ಹಲ್ಲು ಕಿರಿದು, "ಕೇಳುದ್ರಾ, ಮೇಷ್ಟ್ರೇ ಏಳ್ತಾವ್ರೆ, ಇದು ನಿಜವಾದ ಕರೆಂಟೇ ಅಂತೆ," ಎಂದ. ಮರುವಾರ ಮಳವಳ್ಳಿ ಕಡೆಯಿಂದಲೂ ಜನ ಬಂದರು.

ಇಂಥವರ ಹತ್ತಿರ ಬಾಯಿ ನೋಯಿಸಿಕೊಂಡು ಫಲವಿಲ್ಲ ಎಂದು ಬೇರೆ ದಾರಿ ಹಿಡಿದೆ. ಬೆಂಕಿ ಬಿದ್ದರೆ ಮಿಲ್ಲೂ ಇಲ್ಲ, ನೀನೂ ಇಲ್ಲ ಎಂದು ಮಿಲ್ಲಿನವನನ್ನು ಹೆದರಿಸಿದೆ. ವಿಜ್ಞಾನಕ್ಕೆ ಬಗ್ಗದವನು ಭಯಕ್ಕೆ ಬಗ್ಗಿದ. ತಾಮ್ರದ ತಂತಿಯ ಎಳೆಗಳನ್ನು ಪೊರಕೆಯಂತೆ ಬಿಡಿಸಿ ಬೆಲ್ಟಿನ ಪಕ್ಕಕ್ಕೆ ನಿಲ್ಲಿಸಿದೆ. ಇನ್ನೊಂದು ತುದಿಯನ್ನು ನೆಲದಲ್ಲಿ ಹೂತ ಕಬ್ಬಿಣದ ಸರಳಿಗೆ ಬಿಗಿಸಿದೆ. ಬೆಲ್ಟಿನಲ್ಲಿ ಕೂಡಿದ್ದೆಲ್ಲ ಆ ದಾರಿಯಲ್ಲಿ ಭೂಮಿಗೆ ಇಳಿಯಿತು. ಆಮೇಲೆ ಕಿಡಿಯೂ ಇಲ್ಲ, ರೋಮವೂ ಏಳಲಿಲ್ಲ.

ಇನ್ನೇನು, ಬೆಲ್ಟಿನಲ್ಲಿ ಏನೂ ಇಲ್ಲ, ಮನೆಗೆ ಹೋಗಿ ಎಂದೆ. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬಾಕೆ ನನ್ನೆದುರೇ ಮೊಣಕೈ ಒಡ್ಡಿ ಕಣ್ಣು ಮುಚ್ಚಿ, "ಇವತ್ತು ಚೆನ್ನಾಗಿ ಎಳುದ್ಬುಡ್ತು ಕಣಮ್ಮ," ಎಂದಳು. ನಾನು ಬೈಕಿನಲ್ಲಿ ಮನೆ ಮುಟ್ಟುವವರೆಗೂ ನಗುತ್ತಲೇ ಇದ್ದೆ. ಅತ್ತೆ ಮಾತ್ರ ಆ ಸಂಜೆ ಹಾಲು ಕರೆಯುತ್ತ, "ಯಾಕೋ ಬೆಲ್ಟು ಎಳೆಯೋದು ವಸಿ ಕಮ್ಮಿ ಆಗದೆ ಕಣ್ಲಾ," ಎಂದಳು. ನನಗೆ ಗೆದ್ದಷ್ಟು ಖುಷಿಯಾಯಿತು. ಇನ್ನೊಂದು ವಾರಕ್ಕೆ ತಾನೇ ಬಿಡುತ್ತಾಳೆ ಅಂದುಕೊಂಡೆ.

ಅವಳು ಬಿಡಲಿಲ್ಲ. ನಾನು ಪಾಠ ಮಾಡುತ್ತಿದ್ದಾಗ ಫೋನು ಬಂತು. ಅತ್ತೆಯ ಸೆರಗು ಬೆಲ್ಟಿಗೆ ಸಿಕ್ಕಿ, ಸೆರಗಿನ ಹಿಂದೆ ಕೈಯೂ ಚಕ್ರದೊಳಕ್ಕೆ ಹೋಗಿತ್ತು. ಬೆಲ್ಟು ಕಳಚಿಕೊಂಡಿದ್ದರಿಂದ ಜೀವ ಉಳಿಯಿತು. ಮಂಡ್ಯದ ಆಸ್ಪತ್ರೆಯಲ್ಲಿ ಮೂಳೆಗೆ ರಾಡು ಹಾಕಿದರು. ನರಕ್ಕೂ ಪೆಟ್ಟಾಗಿದೆ, ಬೆರಳಿಗೆ ಹಿಡಿತ ಬರುವುದು ಕಷ್ಟ ಎಂದರು. ಮಿಲ್ಲಿನವನು ಮಾಡಿದ್ದೇನು ಗೊತ್ತೇ? ಕಣ್ಣು ಬಿದ್ದಿದೆ ಎಂದು ಮೋಟಾರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಬೆಲ್ಟಿಗೆ ಒಂದು ಜಾಲರಿ ಹಾಕಿಸಬೇಕೆಂದು ಆ ತಲೆಗೆ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅತ್ತೆಗೆ ಎಚ್ಚರವಾದಾಗ ನನಗೆ ಮೊದಲು ಬಂದದ್ದು ಸಿಟ್ಟು. "ಅಷ್ಟು ಅತ್ರ ಯಾಕೆ ಓದೆ ಅತ್ತೆ? ಬುದ್ಧಿ ಬ್ಯಾಡ್ವಾ?" ಎಂದೆ.

ಅವಳು ಸೂರು ನೋಡುತ್ತ ನಿಧಾನವಾಗಿ ಹೇಳಿದಳು. "ಮೊದ್ಲು ಗೇಣುದ್ದ ದೂರದಲ್ಲೇ ಎಳೀತಿತ್ತು ಕಣ್ಲಾ ಮಗ. ನೀನು ತಂತಿ ಕಟ್ಟುದ್ಮೇಲೆ ಏನೂ ಗೊತ್ತಾಗ್ತಿರ್ನಿಲ್ಲ. ಅದುಕ್ಕೆ ದಿನಾ ವಸಿ ವಸಿ ಅತ್ರ ಓಗ್ತಿದ್ದೆ."

ಆ ಕೈಯಲ್ಲಿ ಅವಳು ಮತ್ತೆ ಹಾಲು ಕರೆಯಲಿಲ್ಲ.