ಒಗ್ಗರಣೆಯ ಮೇಲೆ ಸಕ್ಕರೆ

ದೆವ್ವ, ಆತ್ಮ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಪೈಕಿ ನಾನು. ಈಗಲೂ ಹೆಚ್ಚು ಬದಲಾಗಿಲ್ಲ. ಆದರೆ ಮಾನ್ವಿ ಊರಿನ ಆ ಒಂದು ಬೆಳಗು ಮಾತ್ರ ನನ್ನ ಬುದ್ಧಿಗೆ ಸಿಕ್ಕಿಲ್ಲ. ನೆನೆದರೆ ಹೆದರಿಕೆಯಾಗುವುದಿಲ್ಲ, ಹೊಟ್ಟೆಕಿಚ್ಚಾಗುತ್ತದೆ.

ಎಂಬತ್ತರ ದಶಕದ ಆರಂಭ. ಗೊಬ್ಬರದ ಕಂಪನಿಯೊಂದರ ಕೆಲಸದಲ್ಲಿ ದಾವಣಗೆರೆಯಿಂದ ರಾಯಚೂರಿಗೆ ಬಂದಿದ್ದೆ. ಮೊದಲ ಸಲ ಮಾನ್ವಿಗೆ ಹೋಗಿ ಬಸ್ಸಿಳಿದವನು ನಾಷ್ಟಾಕ್ಕೆಂದು ಎದುರಿನ ತಗಡಿನ ಹೋಟೆಲಿಗೆ ಹೊಕ್ಕೆ. ಒಳಗಿದ್ದವರೆಲ್ಲ "ಬರ್ರಿ, ಬರ್ರಿ" ಎಂದು ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ಮಾಲೀಕ ಖಾಸಿಂಸಾಬ್ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟು, ಕೇಳದೆಯೇ ಒಗ್ಗರಣೆಯ ಮೇಲೆ ಒಂದು ಚಮಚ ಸಕ್ಕರೆ ಉದುರಿಸಿದ.

ಹಾಗೆ ತಿನ್ನುತ್ತಿದ್ದವರನ್ನು ನಾನು ಕಂಡದ್ದು ಒಬ್ಬರನ್ನೇ, ನಮ್ಮಪ್ಪನನ್ನು. ಅವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

ಪಕ್ಕದ ಭತ್ತದ ವ್ಯಾಪಾರಿ ಎಮ್ಮೆಯ ಕಥೆ ಇನ್ನೊಮ್ಮೆ ಹೇಳಿ ಎಂದು ಗಂಟುಬಿದ್ದ. ಹೋದ ಸಲ ನಾನು ಅದನ್ನು ಹೇಳಿ ಎಲ್ಲರನ್ನೂ ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದೆನಂತೆ. ನನಗೆ ಯಾವ ಎಮ್ಮೆಯ ಕಥೆಯೂ ಗೊತ್ತಿಲ್ಲ. ಅಷ್ಟರಲ್ಲಿ ಖಾಸಿಂಸಾಬ್ ಕೇಳಿದ, "ಮಗ ಹೆಂಗದಾನ್ರೀ? ಅವನ ಮಾತ ಭಾಳ ಆಡಿದ್ರಿ."

ನನಗೆ ಮಕ್ಕಳಿರಲಿಲ್ಲ. ಅಪ್ಪನಿಗೆ ನಾನೊಬ್ಬನೇ ಮಗ. ಮುಖ ಅವರದೇ ಪಡಿಯಚ್ಚು; ಅವರು ಹೋದಾಗಿನ ವಯಸ್ಸೇ ನನಗೂ ಆಗಿತ್ತು. ಹೋದ ಸಲ ನಾನು ಬಂದದ್ದು ಯಾವಾಗ ಎಂದು ಕೇಳಿದೆ. "ಪರ್ಸೋಂ" ಎಂದ. ಪರ್ಸೋಂ ಎಂದರೆ ಮೊನ್ನೆ. ಆದರೆ ಇಲ್ಲಿಯ ದಖನಿ ಮಾತಿನಲ್ಲಿ ಅದು ಹತ್ತು ವರ್ಷದ ಹಿಂದಿನ ಮೊನ್ನೆಯೂ ಆಗಬಹುದು ಎಂದು ಆಫೀಸಿನವರು ತಮಾಷೆ ಮಾಡುತ್ತಿದ್ದರು. ಹಾಗಾದರೆ ಅಪ್ಪ ಯಾವ ಕಾಲಕ್ಕೋ ಇಲ್ಲಿಗೆ ಬಂದಿರಬೇಕು ಎಂದು ಸಮಾಧಾನ ತಂದುಕೊಂಡೆ. ಹೋಟೆಲು ಬಹಳ ಹಳೆಯದೇ ಎಂದು ಕೇಳಿದರೆ, "ಈ ಉಗಾದಿಗಿ ಚಾಲೂ ಮಾಡೀನ್ರಿ" ಎಂದ.

ಅಪ್ಪ ಮನೆಯಲ್ಲಿ ನಕ್ಕದ್ದನ್ನು ನಾನು ಕಂಡವನಲ್ಲ. ಅವರ ಚಪ್ಪಲಿಯ ಸದ್ದಾದರೆ ರೇಡಿಯೋ ಆರಿಸುತ್ತಿದ್ದೆವು. ನನ್ನನ್ನು ಒಂದು ದಿನವೂ ಹತ್ತಿರ ಕೂರಿಸಿಕೊಂಡು ಮಾತಾಡಿಸಲಿಲ್ಲ. ಗುರುತು ಪರಿಚಯವಿಲ್ಲದ ಇವರಿಗೆ ಕಥೆ ಬೇರೆ ಹೇಳಿದ್ದಾರೆ! ಪಾಪ, ಅಷ್ಟು ಪ್ರೀತಿಯಿಂದ ತಿನ್ನಿಸುತ್ತಿದ್ದ ಆ ಜನರನ್ನು ಕಂಡು ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಅವರಲ್ಲ, ಅವರ ಮಗ ಎನ್ನಬೇಕೆಂದರೆ ಅವರು ಸತ್ತಿದ್ದಾರೆ ಎಂದೂ ಹೇಳಬೇಕಿತ್ತು. ಮಗನ ಬಗ್ಗೆ ಏನು ಹೇಳಿದ್ದೆ ಎಂದಷ್ಟೇ ಕೇಳಿದೆ.

ಖಾಸಿಂಸಾಬ್ ನಕ್ಕ. "ನೀವ ಹೇಳಿದ್ದು ನಮ್ಮನ್ಯಾಕ ಕೇಳ್ತೀರಿ?"

ಆಮೇಲೆ ಊರಿಗೆ ಹೋಗಿ ಕೇಳಿದರೆ, ಅಪ್ಪ ತುಂಗಭದ್ರೆ ದಾಟಿ ಆ ಸೀಮೆಗೆ ಹೋದವರೇ ಅಲ್ಲ ಎಂದಳು ಅಮ್ಮ. ಇದೆಲ್ಲ ಹೇಗೆ ಎಂದು ನನಗೆ ಇವತ್ತಿಗೂ ತಿಳಿಯದು. ಅದು ತಿಳಿಯದಿದ್ದರೆ ಇರಲಿ. ಅಪ್ಪ ನನ್ನ ಬಗ್ಗೆ ಆಡಿದ ಮಾತು ಮಾನ್ವಿಯ ಆ ನಾಲ್ಕು ಜನರಿಗೆ ಗೊತ್ತು, ನನಗೆ ಗೊತ್ತಿಲ್ಲ.