ಕೂಸಿನ ಆರನೇ ಬೆರಳು

೨೦೦೨ರ ಬೇಸಿಗೆಯಲ್ಲಿ ವಿಜಯಶ್ರೀಗೆ ಹೆಣ್ಣು ಮಗು ಹುಟ್ಟಿತು. ಎರಡೂ ಕೈಗಳ ಕಿರುಬೆರಳಿನ ಪಕ್ಕ ಇನ್ನೊಂದು ಬೆರಳಿತ್ತು, ಅವರೆಕಾಳಿನಷ್ಟು, ಮೆತ್ತಗೆ, ಉಗುರಿನ ಸಮೇತ.

ಕೂಸಿನೊಡನೆ ಬಸವಕಲ್ಯಾಣದ ಗಂಡನ ಮನೆಗೆ ಕಾಲಿಟ್ಟ ದಿನವೇ ಅತ್ತೆ ಲಲಿತಾಬಾಯಿ ಅಂದರು: “ಬಸುರಿದ್ದಾಗ ತತ್ತಿ ಮುಟ್ಟಬ್ಯಾಡ ಅಂತ ಬಡಕೊಂಡೆ. ಒಡದು ಒಡದು ಮರಿ ನೋಡಿದಿ. ಈಗ ಕೂಸಿನ ಕೈ ನೋಡು.”

ವಿಜಯಶ್ರೀ ಹುಮನಾಬಾದಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಕಾವಿಗಿಟ್ಟ ಮೊಟ್ಟೆಗೆ ಕಿಂಡಿ ಕೊರೆದು, ಮುಂದೆ ರೆಕ್ಕೆಯಾಗುವ ಮೊಳಕೆಯನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ಅವಳಿಗೆ ಬಲು ಇಷ್ಟ. ಮೀನಿನ ಈಜುರೆಕ್ಕೆ, ಕೋಳಿಯ ರೆಕ್ಕೆ, ಮನುಷ್ಯನ ಕೈ, ಮೂರನ್ನೂ ರೂಪಿಸುವುದು ಹೆಚ್ಚುಕಡಿಮೆ ಅವೇ ಜೀನುಗಳು. ನೊಣದಲ್ಲೂ ಅವುಗಳ ದಾಯಾದಿಗಳಿವೆ. ಅವು ದುಡಿಯುವ ಜಾಗ, ಹೊತ್ತು ಚೂರು ಬದಲಾದರೂ ಅಂಗದ ಆಕಾರ ಬದಲಾಗುತ್ತದೆ. ಮೊದಮೊದಲು ಕಾಲು ಮೂಡಿದ ಹಳೆಯ ಪ್ರಾಣಿಗಳಲ್ಲಿ ಎಂಟು ಬೆರಳಿನವೂ ಇದ್ದವು, ಐದು ಆಮೇಲೆ ನಿಂತದ್ದು. ಇಷ್ಟೆಲ್ಲ ಬಲ್ಲವಳಿಗೂ ಅತ್ತೆಯ ಮಾತು ಒಳಗೆ ಕೊರೆಯತೊಡಗಿತು. ಲ್ಯಾಬಿನಲ್ಲಿ ಸತ್ತ ಪ್ರಾಣಿಗಳನ್ನು ಕೆಡದಂತೆ ಇಡುವ ಫಾರ್ಮಲಿನ್ ಏನಾದರೂ ಹೊಟ್ಟೆಯಲ್ಲಿದ್ದ ಕೂಸಿಗೆ ತಾಗಿತೇ?

ಕೂಸಿಗೆ ಮೂರು ತಿಂಗಳಾಗಿರಬೇಕು. ಗಂಡ ಶರಣಕುಮಾರ ಮಗುವನ್ನು ಆಡಿಸುತ್ತಿದ್ದ. ಅವನ ಕೈಗಳ ಅಂಚಿನಲ್ಲಿ, ಕಿರುಬೆರಳಿನ ಪಕ್ಕ, ಅವಳು ಎಂದೂ ಗಮನಿಸಿರದ ಜೋಳದ ಕಾಳಿನಂಥ ಗಟ್ಟಿ ಗಂಟು ಕಂಡಿತು.

“ಇದೇನ್ರಿ?”

“ಸಣ್ಣಾಂವ ಇದ್ದಾಗ ಗಾಯ ಆಗಿತ್ತು.”

“ಎರಡೂ ಕೈಗೇನ್ರಿ?”

ಬಾಗಿಲಲ್ಲಿ ನಿಂತಿದ್ದ ಲಲಿತಾಬಾಯಿಯೇ ಮೆಲ್ಲಗೆ ಹೇಳಿದರು: “ನಮ್ಮತ್ತಿ ಇವನ ಆರನೇ ಬೆರಳಿಗೆ ಕುದರಿ ಕೂದಲಾ ಬಿಗದು ಕಟ್ಟಿದ್ಲು. ಒಣಗಿ ಬಿತ್ತು. ಗ್ರಹಣದಾಗ ಬದನಿಕಾಯಿ ಹೆಚ್ಚಿದಿ ಅಂತ ನನಗ ಬೈದ್ಲು. ನಾ ಹೆಚ್ಚಿದ್ದಿಲ್ಲ.”

ವಿಜಯಶ್ರೀ ಗಂಡನ ಕಡೆ ತಿರುಗಿದಳು. “ನಿಮಗ ಗೊತ್ತಿತ್ತಲ್ರಿ. ಇಷ್ಟು ದಿನ ನಾ ಅನ್ನಿಸಿಕೊಳ್ಳಾಕತ್ತಿದ್ದೆ.”

“ಅವ್ವನ ಮುಂದ ಹ್ಯಾಂಗ ಹೇಳ್ಲಿ?”

ಆಮೇಲೆ ಡಾಕ್ಟರು ಆ ಬೆರಳುಗಳನ್ನು ತೆಗೆದರು. ಆಸ್ಪತ್ರೆಗೆ ಹೋಗಿ ಬರುವಾಗ ಅತ್ತೆ ಮಗುವನ್ನು ಮಡಿಲಿನಿಂದ ಇಳಿಸಲಿಲ್ಲ, ತಪ್ಪಾಯಿತು ಎಂದೂ ಅನ್ನಲಿಲ್ಲ. ಗಂಡನೊಡನೆ ವಿಜಯಶ್ರೀ ಬೇಕಾದಷ್ಟೇ ಮಾತಾಡಿದಳು.

ಕಾಲೇಜು ಶುರುವಾದ ಮೇಲೆ, ಕೋಳಿಗಳಲ್ಲಿ ಹೆಚ್ಚು ಬೆರಳು ಮೂಡುವ ಬಗೆಯ ಪಾಠದ ನಡುವೆ, ವಿದ್ಯಾರ್ಥಿನಿ ವರ್ಷಾ ಕೇಳಿದಳು: “ಬೆರಳು ಹೆಚ್ಚಾಗೋದು ಮನುಷ್ಯಾರೊಳಗೂ ಆಗ್ತದೇನ್ರಿ, ಮೇಡಂ?”

“ಆಗ್ತದ. ನಮ್ಮ ಮನಿಯೊಳಗ ಆಗ್ಯದ. ನನ್ನ ಮಗಳಿಗೆ ಅವರಪ್ಪನ ಕಡಿಂದ ಬಂದದ.”

ತರಗತಿಯಲ್ಲಿ ಬಸವಕಲ್ಯಾಣದವರೂ ಇದ್ದರು. ಈ ಮಾತು ತಾನು ಮರಳುವ ಸಂಜೆಯ ಬಸ್ಸಿಗಿಂತ ಮುಂಚೆ ಬಸವಕಲ್ಯಾಣ ಮುಟ್ಟುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಏನು ಕಾದಿದೆಯೋ ಎಂದುಕೊಳ್ಳುತ್ತಲೇ ಪಾಠ ಮುಂದುವರಿಸಿದಳು.